ಅಕ್ಷರದ ಅದಿರು

ಬಂಗಾರಪೇಟೆ ಎಂದೊಡನೆ ಹೊರಗಿನವರು ಅಲ್ಲಿ ಬಂಗಾರ ಸಿಗುತ್ತದೆಯೇ ಎಂದು ಕೇಳುವುದುಂಟು. ಸಿಗುವುದಿಲ್ಲ. ಬಂಗಾರ ನಮ್ಮೂರಿನ ಮೂಲಕ ಹಾದುಹೋಗುತ್ತಿತ್ತು, ಅಷ್ಟೆ. ಊರಿನ ಹೆಸರಿಗೂ ಬಂಗಾರಕ್ಕೂ ಮೊದಲಿಗೆ ನಂಟಿರಲಿಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನಲ್ಲಿ ಇದು ಬೌರಿಂಗ್‌ಪೇಟೆಯಾಗಿತ್ತು. ಮದರಾಸಿನ ರೈಲು ಇಲ್ಲಿ ನಿಲ್ಲುತ್ತಿತ್ತು. ಇಲ್ಲಿಂದ ಒಂದು ಕವಲು ಹಳಿ ಕೋಲಾರ ಚಿನ್ನದ ಗಣಿಯ ಕಡೆಗೆ, ಮಾರಿಕುಪ್ಪಂವರೆಗೆ ಹೋಯಿತು. ಆ ಹಳಿಯ ಮೇಲೆ ಯಂತ್ರಗಳು ಒಳಗೆ ಹೋದವು, ಚಿನ್ನದ ಗಟ್ಟಿಗಳು ಹೊರಗೆ ಬಂದವು.

ನಾನು ಈಗ ಹೇಳಹೊರಟಿರುವುದು ಚಿನ್ನದ ಕಥೆಯಲ್ಲ, ಕಂಪ್ಯೂಟರಿನಲ್ಲಿ ಅಕ್ಷರ ಬರೆಯುವ, ತಿದ್ದುವ ಒಂದು ಸಾಧನದ ಕಥೆ. ಟೆಕ್ಸ್ಟ್ ಎಡಿಟರ್ ಎನ್ನುತ್ತಾರೆ. ಅದನ್ನು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಅದರ ಮೂಲ ಬರಹದಿಂದಲೇ ತಯಾರಿಸಿ ಇಟ್ಟುಕೊಳ್ಳುವ ಕ್ರಮವೊಂದಿದೆ. ಇದರಿಂದ ಗೃಹಿಣಿಯರಾದ ನಮಗೇನು ಎಂದು ನೀವು ಕೇಳಬಹುದು. ನಮ್ಮ ಮನೆಯ ಹೆಂಗಸರ ಹಾಡುಗಳು ಆ ಕ್ರಮದಿಂದಲೇ ಉಳಿದವು ಎನ್ನುವುದು ನನ್ನ ಉತ್ತರ. ಆದರೆ ಆ ಉತ್ತರ ಅರ್ಥವಾಗಬೇಕಾದರೆ ಗಣಿಯಿಂದಲೇ ಶುರುಮಾಡಬೇಕು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಯ ಗಣಿಗಳ ಆಡಳಿತವನ್ನು ಕೈಗೆ ತೆಗೆದುಕೊಂಡಿತು. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿಸಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ತಂತಿಯ ಮೇಲೆ ಕೆ.ಜಿ.ಎಫ್. ತಲುಪಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಅಷ್ಟು ದೊಡ್ಡ ತಂತ್ರಜ್ಞಾನ ನಮ್ಮ ಜಿಲ್ಲೆಯ ಕಲ್ಲುಗುಡ್ಡಗಳಿಗೆ ಮೊದಲು ಬಂತು ಎನ್ನುವುದು ಹೆಮ್ಮೆಯ ಮಾತೇ. ಆದರೆ ತಂತ್ರ ಬಂದ ಹಾಗೆ ಅದರ ಒಡೆತನ ಬರಲಿಲ್ಲ. ಕಂಪೆನಿಗಳು ಲಂಡನ್ನಿನವು, ಪಾಲುದಾರರು ಅಲ್ಲಿಯವರು. ತಂತಿ ಯಾವ ಹಳ್ಳಿಗಳ ಮೇಲೆ ಹಾದುಬಂತೋ ಆ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ತೆಗೆದರೆಂದು ಹೇಳುತ್ತಾರೆ. ಊರಿಗೆ ಉಳಿದದ್ದು ಸೈನೈಡ್ ಗುಡ್ಡಗಳು ಮತ್ತು ಬೆಂಗಳೂರಿಗೆ ಹೋಗುವ ಬೆಳಗಿನ ರೈಲು.

ನಮ್ಮ ಮಾವನವರು ಚಾಂಪಿಯನ್ ರೀಫ್ಸ್‌ನ ಮಿಲ್ಲಿನಲ್ಲಿ ಫಿಟ್ಟರಾಗಿದ್ದರು. ಅದಿರನ್ನು ಕುಟ್ಟಿ ಪುಡಿಮಾಡಿ, ನೀರಿನಲ್ಲಿ ಹರಿಸಿ, ಸೈನೈಡಿನಲ್ಲಿ ಕರಗಿಸಿ, ಕೊನೆಗೆ ಚಿನ್ನ ಬೇರ್ಪಡಿಸುವುದನ್ನು ಅವರು ಊಟದ ಮುಂದೆ ಕುಳಿತು ವರ್ಣಿಸುತ್ತಿದ್ದರು. ಅವರು ಹೇಳುತ್ತಿದ್ದ ಒಂದು ಮಾತು ನನಗೆ ಮರೆತಿಲ್ಲ. ಗಟ್ಟಿ ನೋಡಿದರೆ ಅದು ಯಾವ ಸುರಂಗದ್ದು ಎಂದು ಯಾರಿಗೂ ತಿಳಿಯದು, ಅದಿರು ನೋಡಿದರೆ ತಿಳಿಯುತ್ತದೆ ಎನ್ನುತ್ತಿದ್ದರು.

ಕಂಪ್ಯೂಟರಿನ ತಂತ್ರಾಂಶಕ್ಕೂ ಅದಿರು ಮತ್ತು ಗಟ್ಟಿ ಎಂಬ ಎರಡು ರೂಪಗಳಿವೆ. ಅಡುಗೆಮನೆಯ ಮಾತಿನಲ್ಲಿ ಹೇಳಿದರೆ ಇನ್ನೂ ಸುಲಭ. ಈಗ ಅಂಗಡಿಯಲ್ಲಿ ದೋಸೆಹಿಟ್ಟಿನ ಪ್ಯಾಕೆಟ್ ಸಿಗುತ್ತದೆ. ತಂದು ಕಾವಲಿಯ ಮೇಲೆ ಹುಯ್ದರೆ ಆಯಿತು. ಆದರೆ ಅದರಲ್ಲಿ ಎಷ್ಟು ಉದ್ದು, ಎಂಥ ಅಕ್ಕಿ, ಸೋಡಾ ಹಾಕಿದ್ದಾರೋ ಇಲ್ಲವೋ ನಮಗೆ ತಿಳಿಯದು. ರುಬ್ಬಿದ ಮೇಲೆ ಬೇರ್ಪಡಿಸಲೂ ಆಗದು. ಮನೆಯಲ್ಲಿ ನೆನೆಹಾಕಿ ರುಬ್ಬಿದರೆ ಒಂದು ಚಮಚ ಮೆಂತ್ಯ ಹೆಚ್ಚು ಹಾಕುವ ಅಧಿಕಾರ ನಮ್ಮದು. ತಂತ್ರಾಂಶವನ್ನು ಮನುಷ್ಯರು ಮೊದಲು ಓದಬಲ್ಲ ಭಾಷೆಯಲ್ಲಿ ಬರೆಯುತ್ತಾರೆ. ಅದು ಸೋರ್ಸ್, ಮೂಲ ಬರಹ. ಯಂತ್ರಕ್ಕೆ ಅದು ಜೀರ್ಣವಾಗುವುದಿಲ್ಲ. ಸೊನ್ನೆ ಮತ್ತು ಒಂದರ ಸಾಲುಗಳಾಗಿ ರುಬ್ಬಿಕೊಡಬೇಕು. ರುಬ್ಬಿದ್ದನ್ನು ಮಾತ್ರ ಮಾರುವ ಕಂಪೆನಿಗಳೇ ಹೆಚ್ಚು.

ಹೀಗೆ ರುಬ್ಬಿಕೊಡುವ ಕೆಲಸವನ್ನು ಯಂತ್ರಕ್ಕೇ ಕಲಿಸಬಹುದೆಂದು ಮೊದಲು ತೋರಿಸಿದವರಲ್ಲಿ ಪ್ರಮುಖರು ಒಬ್ಬ ಮಹಿಳೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಗ್ರೇಸ್ ಹಾಪರ್ ಗಣಿತದಲ್ಲಿ ಡಾಕ್ಟರೇಟ್ ಪಡೆದವರು, ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದವರು. 1952ರಲ್ಲಿ ಅವರು ಕಂಪೈಲರ್ ಎಂಬ ಸಾಧನವನ್ನು ರೂಪಿಸಿದರು. ಕಂಪ್ಯೂಟರ್ ಲೆಕ್ಕವನ್ನಷ್ಟೇ ಮಾಡಬಲ್ಲದು ಎಂದು ನಂಬಿದ್ದವರು ಬಹುಕಾಲ ಅದನ್ನು ಒಪ್ಪಲಿಲ್ಲ. ಇಂದು ಮೂಲ ಬರಹದಿಂದ ಯಾವ ತಂತ್ರಾಂಶ ತಯಾರಾದರೂ ಅದರ ಹಿಂದೆ ಆ ಹೆಂಗಸಿನ ಹಟವಿದೆ.

ಮೂಲ ಬರಹವನ್ನು ಮುಚ್ಚಿಡುವುದರ ವಿರುದ್ಧ ಎದ್ದ ಜಗಳಕ್ಕೂ ಒಂದು ಇತಿಹಾಸವಿದೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬುವರು ಕೆಲಸಕ್ಕಿದ್ದರು. ಅಲ್ಲಿಯ ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ತಿಳಿಸುವಂತೆ ಅದರ ತಂತ್ರಾಂಶವನ್ನು ಅವರು ತಿದ್ದಿದ್ದರು. 1980ರ ಸುಮಾರಿಗೆ ಹೊಸ ಪ್ರಿಂಟರ್ ಬಂತು. ಅದರಲ್ಲೂ ಕಾಗದ ಸಿಕ್ಕಿಕೊಳ್ಳುತ್ತಿತ್ತು, ಆದರೆ ಮೂಲ ಬರಹ ಕೊಟ್ಟಿರಲಿಲ್ಲ. ಅದು ಇದ್ದವರೊಬ್ಬರನ್ನು ಹೋಗಿ ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂಬ ಉತ್ತರ ಸಿಕ್ಕಿತು. ಸಣ್ಣ ಸಂಗತಿ. ಆದರೆ 1983ರಲ್ಲಿ ಅವರು ಎಲ್ಲರೂ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶಗಳನ್ನೇ ಕಟ್ಟುವ ಗ್ನೂ ಯೋಜನೆಯನ್ನು ಸಾರುವುದಕ್ಕೆ ಅದೂ ಒಂದು ಕಾರಣವಾಯಿತು.

ಆ ಯೋಜನೆಯ ಮೊದಲ ದೊಡ್ಡ ಫಲ ಒಂದು ಎಡಿಟರ್. ಅದರ ಹೆಸರು ಈಮ್ಯಾಕ್ಸ್. ಅದರ ಹಳೆಯ ರೂಪ 1976ರಲ್ಲೇ ಎಂ.ಐ.ಟಿ.ಯಲ್ಲಿ ಹುಟ್ಟಿತ್ತು. 1981ರಲ್ಲಿ ಜೇಮ್ಸ್ ಗೋಸ್ಲಿಂಗ್ ಎಂಬುವರು ಯುನಿಕ್ಸ್‌ಗಾಗಿ ಬೇರೆ ಈಮ್ಯಾಕ್ಸ್ ಬರೆದು ಮೊದಮೊದಲು ಎಲ್ಲರಿಗೂ ಕೊಡುತ್ತಿದ್ದರು. ಆಮೇಲೆ ಒಂದು ಕಂಪೆನಿಗೆ ಮಾರಿಬಿಟ್ಟರು. ಅದರ ಕೆಲವು ಭಾಗ ಬಳಸಿಕೊಂಡಿದ್ದ ಸ್ಟಾಲ್ಮನ್ ಅವನ್ನೆಲ್ಲ ತೆಗೆದುಹಾಕಿ ತಾವೇ ಹೊಸದಾಗಿ ಬರೆಯಬೇಕಾಯಿತು. 1985ರಲ್ಲಿ ಗ್ನೂ ಈಮ್ಯಾಕ್ಸ್ ಬಂತು. ಇಂಟರ್‌ನೆಟ್ ಇಲ್ಲದವರಿಗೆ ಅದನ್ನು ಕಾಂತಪಟ್ಟಿಯ ಸುರುಳಿಯಲ್ಲಿ ತುಂಬಿ 150 ಡಾಲರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಮೂಲ ಬರಹದ ಕಟ್ಟಿಗೆ ಇವತ್ತಿಗೂ ಟಾರ್ ಎಂದು ಹೆಸರಿದೆಯಲ್ಲ, ಅದು ಟೇಪಿನ ಕಾಲದ ಹೆಸರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು ಬರೆದು ಹಂಚಿದಾಗ ಈ ಎಲ್ಲ ಸಾಧನಗಳಿಗೆ ಒಂದು ಮನೆ ಸಿಕ್ಕಿತು.

ಈಗ ಕನ್ನಡದ ಮಾತಿಗೆ ಬರೋಣ. 90ರ ದಶಕದಲ್ಲಿ ಊರೂರಿಗೆ ಡಿ.ಟಿ.ಪಿ. ಅಂಗಡಿಗಳು ಬಂದವು. ಕೆ.ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವ ಕೀಲಿಮಣೆಯನ್ನು ರೂಪಿಸಿ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವೆಲ್ಲಕ್ಕೂ ಮುಂಚೆ, ಇವುಗಳ ಜೊತೆಗೂ, ಅನೇಕ ಖಾಸಗಿ ತಂತ್ರಾಂಶಗಳು ಅಂಗಡಿಗಳಲ್ಲಿ ನಡೆಯುತ್ತಿದ್ದವು. ಒಂದೊಂದರದೂ ಒಂದೊಂದು ಗುಟ್ಟಿನ ಪಟ್ಟಿ. ಒಂದರಲ್ಲಿ ‘ಕ’ ಎಂದು ಕಾಣುವುದು ಇನ್ನೊಂದರಲ್ಲಿ ಏನೇನೋ. 1991ರಲ್ಲೇ ಯುನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ನಿಶ್ಚಿತ ಸಂಖ್ಯೆ ಸಿಕ್ಕಿತ್ತಾದರೂ ನಮ್ಮ ಬೀದಿಯ ಅಂಗಡಿಗೆ ಅದು ಬರಲು ಬಹಳ ವರ್ಷ ಹಿಡಿಯಿತು.

ನಮ್ಮ ಮಹಿಳಾ ಸಂಘದ ನಾಲ್ಕೈದು ಮಂದಿ 1996ರಲ್ಲಿ ಸುತ್ತಲಿನ ಹಳ್ಳಿಗಳ ಮುದುಕಿಯರಿಂದ ಸೋಬಾನೆ, ಹಸೆ, ರಾಗಿ ಬೀಸುವ ಪದಗಳನ್ನು ಬರೆದುಕೊಂಡಿದ್ದೆವು. ನಮ್ಮ ಸೀಮೆಯ ಹಾಡು, ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವವೂ ಇದ್ದವು. ಒಟ್ಟು 112. ಡಿ.ಟಿ.ಪಿ. ಮಾಡಿಸಿದೆವು, ದುಡ್ಡು ಸಾಲದೆ 40 ಹಾಡುಗಳ ಚಿಕ್ಕ ಪುಸ್ತಕ ಮಾತ್ರ ಅಚ್ಚಾಯಿತು. ಮಿಕ್ಕವು ಫ್ಲಾಪಿಯಲ್ಲಿದ್ದವು, ಆಮೇಲೆ ಸಿ.ಡಿ.ಗೆ ಹೋದವು. ಕೈಬರಹದ ನೋಟುಬುಕ್ಕುಗಳು ಒಂದು ಮಳೆಗಾಲದಲ್ಲಿ ಹಾಳಾದವು. ಅಂಗಡಿಯವರು ಬಳಸುತ್ತಿದ್ದ ತಂತ್ರಾಂಶಕ್ಕೆ ಕಂಪ್ಯೂಟರಿನ ಹಿಂಭಾಗಕ್ಕೆ ಸಿಕ್ಕಿಸುವ ಬೆರಳುದ್ದದ ಒಂದು ಬೀಗವಿತ್ತು. ಅದು ಕೆಟ್ಟಿತು, ಮಾಡಿದ ಕಂಪೆನಿಯೂ ಕಣ್ಮರೆಯಾಯಿತು. ಮುಂದೆ ಯಾವ ಕಂಪ್ಯೂಟರಿನಲ್ಲಿ ಫೈಲು ತೆರೆದರೂ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರ, ನಡುವೆ ಪೌಂಡಿನ ಚಿಹ್ನೆ, ಇಷ್ಟೇ ಕಾಣುತ್ತಿತ್ತು. ಹಾಡಿದ ಅಜ್ಜಿಯರಲ್ಲಿ ಹೆಚ್ಚಿನವರು ಅಷ್ಟರಲ್ಲಿ ತೀರಿಕೊಂಡಿದ್ದರು.

ನಮ್ಮ ನಾದಿನಿಯ ಮಗಳು ರಾಬರ್ಟ್‌ಸನ್‌ಪೇಟೆಯವಳು. ಕೆ.ಜಿ.ಎಫ್.ನ ಸಾವಿರಾರು ಮಕ್ಕಳಂತೆ ಅವಳೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವಳು. 2021ರಲ್ಲಿ ಕೊರೊನಾದಿಂದ ಮನೆಯಿಂದಲೇ ಕೆಲಸ ಎಂದಾದಾಗ ನಮ್ಮಲ್ಲಿಗೆ ಬಂದು ಕೆಲವು ವಾರ ಇದ್ದಳು. ಸಿ.ಡಿ.ಯನ್ನು ಅವಳ ಕೈಗೆ ಕೊಟ್ಟೆ. “ಅತ್ತೆ, ಇದು ಹಾಳಾಗಿಲ್ಲ, ಬೇರೆ ಲಿಪಿಯಲ್ಲಿದೆ ಅಷ್ಟೆ. ಪುಸ್ತಕ ಇದೆಯಲ್ಲ, ನೀವು ಓದಿ, ನಾನು ಹೊಂದಿಸುತ್ತೇನೆ” ಎಂದಳು.

ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇತ್ತು, ಜೊತೆಗೆ ಬಂದ ಈಮ್ಯಾಕ್ಸ್ 25ನೆಯ ಆವೃತ್ತಿ. ಅದರಲ್ಲಿ ಕನ್ನಡದ ಕೆಲವು ಒತ್ತಕ್ಷರಗಳು ಸರಿಯಾಗಿ ಕೂರುತ್ತಿರಲಿಲ್ಲ. 2020ರಲ್ಲಿ ಬಂದ 27ನೆಯ ಆವೃತ್ತಿ ಅಕ್ಷರ ಜೋಡಿಸಲು ಹರ್ಫ್‌ಬಜ್ ಎಂಬ ಲೈಬ್ರರಿಯನ್ನು ಬಳಸುತ್ತದೆ. ಪಾರ್ಸಿ ಭಾಷೆಯಲ್ಲಿ ಹರ್ಫ್ ಎಂದರೆ ಅಕ್ಷರ. ಇರಾನಿನಲ್ಲಿ ಹುಟ್ಟಿದ ಬೆಹ್ದಾದ್ ಎಸ್ಫಾಬೋದ್ ಅವರು ಕಟ್ಟಿ ಬೆಳೆಸಿದ್ದು. ಆ ಆವೃತ್ತಿ ಅವಳ ಹಳೆಯ ಲಿನಕ್ಸಿನ ಉಗ್ರಾಣದಲ್ಲಿ ಸಿದ್ಧವಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಮೂಲ ಬರಹವನ್ನೇ ತರಿಸಿದಳು, ಸುಮಾರು 40 ಎಂ.ಬಿ.ಯ ಕಟ್ಟು. ಅದರ ಜೊತೆಗೆ ಬಂದ ಸಹಿಯನ್ನು ಮೊದಲು ತಾಳೆ ನೋಡಿದಳು. ದಾರಿಯಲ್ಲಿ ಯಾರೂ ಕಲಬೆರಕೆ ಮಾಡಿಲ್ಲವೆಂದು ಖಾತ್ರಿಯಾದ ಮೇಲೆ ಬಿಚ್ಚಿದಳು.

ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಕಟ್ಟಿನೊಳಗೆ ಹೇಗೆ ಮಾಡಬೇಕೆಂಬ ಓಲೆಯೂ ಇರುತ್ತದೆ, ಇನ್‌ಸ್ಟಾಲ್ ಎಂಬ ಹೆಸರಿನಲ್ಲಿ. ಮೊದಲನೆಯ ಹೆಜ್ಜೆ ‘ಕಾನ್ಫಿಗರ್’. ಅಡುಗೆಗೆ ಮುಂಚೆ ಡಬ್ಬಿಗಳನ್ನು ತೆರೆದು ಬೇಳೆ ಇದೆಯೆ, ಹುಣಸೆ ಇದೆಯೆ ಎಂದು ನೋಡುತ್ತೇವಲ್ಲ, ಹಾಗೆ ಅದು ಯಂತ್ರದಲ್ಲಿ ಕಂಪೈಲರ್ ಇದೆಯೆ, ಬೇಕಾದ ಲೈಬ್ರರಿಗಳಿವೆಯೆ ಎಂದು ಒಂದೊಂದಾಗಿ ನೋಡುತ್ತ ಹೋಗುತ್ತದೆ. ನಡುವೆ ನಿಂತೇಹೋಯಿತು. ಇಂತಿಂಥ ಲೈಬ್ರರಿ ಸಿಗಲಿಲ್ಲ ಎಂದು ಹೆಸರು ಸಮೇತ ಬರೆದಿತ್ತು. ಆ ಲೈಬ್ರರಿಗಳು ಅವಳ ಯಂತ್ರದಲ್ಲಿ ಇದ್ದವು, ಆದರೆ ಅವುಗಳನ್ನು ಆಧರಿಸಿ ಹೊಸದನ್ನು ಕಟ್ಟಲು ಬೇಕಾದ ಭಾಗ ಬೇರೆ ಪೊಟ್ಟಣದಲ್ಲಿ ಬರುತ್ತದಂತೆ. ಅವುಗಳ ಹೆಸರಿನ ಕೊನೆಯಲ್ಲಿ ‘ಡೆವ್’ ಎಂದಿರುತ್ತದೆ. ತರಿಸಿ ಮತ್ತೆ ನಡೆಸಿದಳು. ಕೊನೆಯಲ್ಲಿ ಒಂದು ಪಟ್ಟಿ ಬಂತು. ಈಮ್ಯಾಕ್ಸ್ ಇದನ್ನು ಬಳಸುತ್ತದೆಯೆ, ಅದನ್ನು ಬಳಸುತ್ತದೆಯೆ ಎಂದು ಹೌದು, ಇಲ್ಲ ಎಂಬ ಉತ್ತರಗಳು. ಹರ್ಫ್‌ಬಜ್ ಮುಂದೆ ‘ಇಲ್ಲ’ ಎಂದಿತ್ತು. ಅವಳು ಬೆರಳಿಟ್ಟು ತೋರಿಸಿದಳು: “ನೋಡಿ ಅತ್ತೆ, ಹೀಗೇ ಮುಂದೆ ಹೋದರೆ ಎಡಿಟರ್ ತಯಾರಾಗುತ್ತದೆ, ಎಲ್ಲಿಯೂ ತಪ್ಪು ಎಂದು ಹೇಳುವುದಿಲ್ಲ. ನಮ್ಮ ಒತ್ತಕ್ಷರ ಮಾತ್ರ ಕೂಡುವುದಿಲ್ಲ.” ಆ ಪೊಟ್ಟಣವನ್ನೂ ತರಿಸಿದ ಮೇಲೆ ‘ಹೌದು’ ಬಂತು.

ಕನ್ನಡದ ಒತ್ತು ಕೂಡುತ್ತದೋ ಇಲ್ಲವೋ ಎಂಬುದು ಎಲ್ಲೋ ದೂರದಲ್ಲಿ ಯಾರೋ ತೀರ್ಮಾನ ಮಾಡುವ ವಿಷಯವೆಂದೇ ನಾವು ತಿಳಿದಿರುತ್ತೇವೆ. ಅದು ಬಂಗಾರಪೇಟೆಯ ಒಂದು ಮನೆಯ ಊಟದ ಮೇಜಿನ ಮೇಲೂ ತೀರ್ಮಾನವಾಗಬಹುದು ಎಂದು ನನಗೆ ಅಂದು ಗೊತ್ತಾಯಿತು.

ಎರಡನೆಯ ಹೆಜ್ಜೆ ‘ಮೇಕ್’. 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬುವರು ಬೆಲ್ ಪ್ರಯೋಗಾಲಯದಲ್ಲಿ ಬರೆದ ಸಾಧನ. ಯಾವುದು ಮೊದಲು, ಯಾವುದು ಆಮೇಲೆ ಎಂದು ನೋಡಿಕೊಂಡು ನೂರಾರು ಫೈಲುಗಳನ್ನು ಒಂದೊಂದಾಗಿ ಕಂಪೈಲರಿಗೆ ಕೊಡುತ್ತದೆ. ಪರದೆಯ ಮೇಲೆ ಸಾಲುಗಳು ಓಡುತ್ತಿದ್ದವು, ಲ್ಯಾಪ್‌ಟಾಪಿನ ಫ್ಯಾನು ಜೋರಾಗಿ ತಿರುಗುತ್ತಿತ್ತು. ಮಾವನವರು ಇದ್ದಿದ್ದರೆ ಮಿಲ್ಲಿನ ಸದ್ದು ಎನ್ನುತ್ತಿದ್ದರೇನೋ. ನಾವು ಕಾಫಿ ಕುಡಿದು, ಸೊಪ್ಪು ಸೋಸಿ ಮುಗಿಸುವಷ್ಟರಲ್ಲಿ ಅದೂ ಮುಗಿದಿತ್ತು. ಮೂರನೆಯದು ‘ಮೇಕ್ ಇನ್‌ಸ್ಟಾಲ್’, ತಯಾರಾದದ್ದನ್ನು ಅದರದರ ಜಾಗದಲ್ಲಿ ಇಡುವುದು. ಲಿನಕ್ಸ್‌ನ ಸ್ವಂತ ಸಾಮಾನಿನ ಜೊತೆ ಬೆರೆಯದಂತೆ ಇದಕ್ಕೆ ‘ಲೋಕಲ್’ ಎಂಬ ಬೇರೆ ಕಪಾಟಿದೆ. ಹಳೆಯದು ಹಾಳಾಗಲಿಲ್ಲ, ಹೊಸದು ಅದರ ಪಕ್ಕದಲ್ಲಿ ನಿಂತಿತು.

ಈಮ್ಯಾಕ್ಸ್‌ನಲ್ಲಿ ಒಂದು ಸೊಗಸಿದೆ. ಕಂಟ್ರೋಲ್ ಕೀಲಿಯ ಜೊತೆ ಎಚ್ ಒತ್ತಿ, ಬಿಟ್ಟು ಮತ್ತೊಮ್ಮೆ ಎಚ್ ಒತ್ತಿದರೆ ಜಗತ್ತಿನ ಹತ್ತಾರು ಭಾಷೆಗಳ ಹಲೋ ಎಂಬ ಮಾತಿನ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಕನ್ನಡದ ‘ನಮಸ್ಕಾರ’ವೂ ಇದೆ. ಅದರ ಸ್ಕಾದ ಒತ್ತು ಸರಿಯಾಗಿ ಕೆಳಗೆ ಕುಳಿತಿದ್ದರೆ ಎಲ್ಲವೂ ಸರಿಯಾಯಿತೆಂದು ಲೆಕ್ಕ. ಕುಳಿತಿತ್ತು. ಅದೇ ಪಟ್ಟಿಯಲ್ಲಿ ತಮಿಳು, ತೆಲುಗು, ಹಿಂದಿಯ ವಂದನೆಗಳೂ ಇದ್ದವು. ಕೆ.ಜಿ.ಎಫ್.ನ ಯಾವುದೇ ಬೀದಿಯಲ್ಲಿ ಬೆಳಿಗ್ಗೆ ಕಿವಿಗೆ ಬೀಳುವ ಮಾತುಗಳೇ ಅವು.

ಆಮೇಲಿನ ಕೆಲಸ ನಮ್ಮಿಬ್ಬರದು. ಅಚ್ಚಾದ 40 ಹಾಡುಗಳನ್ನು ನಾನು ಓದುತ್ತಿದ್ದೆ, ಫೈಲಿನಲ್ಲಿ ಅದೇ ಸಾಲು ಹುಡುಕಿ ಯಾವ ಗುರುತಿಗೆ ಯಾವ ಅಕ್ಷರ ಎಂದು ಅವಳು ಪಟ್ಟಿ ಮಾಡುತ್ತಿದ್ದಳು. ಆ ಹಳೆಯ ತಂತ್ರಾಂಶ ಅಕ್ಷರವನ್ನು ಅಕ್ಷರವಾಗಿ ಇಟ್ಟಿರಲಿಲ್ಲ, ಚಿತ್ರದ ಚೂರುಗಳಾಗಿ ಇಟ್ಟಿತ್ತು. ಮೈ ಒಂದು ಕಡೆ, ತಲೆಕಟ್ಟು ಒಂದು ಕಡೆ, ಕೊಂಬು ಇನ್ನೊಂದು ಕಡೆ. ‘ಸೂರ್ಯ’ ಎಂದು ಬರೆದರೆ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಕೊನೆಯಲ್ಲಿರುತ್ತಿತ್ತು. ಯುನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮದಲ್ಲಿ ರಕಾರ ಮೊದಲು ಬರಬೇಕು. ಇಂಥ ನಿಯಮಗಳನ್ನು ಬರೆದು ಈಮ್ಯಾಕ್ಸ್‌ಗೆ ಕೊಟ್ಟರೆ ಅದು ಇಡೀ ಫೈಲಿನಲ್ಲಿ ಹುಡುಕಿ ಬದಲಿಸುತ್ತಿತ್ತು. ಪಟ್ಟಿ ಪೂರ್ತಿಯಾಗಲು ಒಂಬತ್ತು ದಿನ ಹಿಡಿಯಿತು. ಅಚ್ಚಾಗದೆ ಉಳಿದಿದ್ದ 72 ಹಾಡುಗಳಲ್ಲಿ 69 ಪೂರ್ತಿ ಬಂದವು. ಮೂರು ಸಿ.ಡಿ.ಯಲ್ಲೇ ಸವೆದುಹೋಗಿದ್ದವು. ನಮ್ಮ ಅತ್ತೆಯವರು ಹೇಳಿಕೊಟ್ಟಿದ್ದ ರಾಗಿ ಬೀಸುವ ಪದ ಬಂದವುಗಳಲ್ಲಿ ಸೇರಿತ್ತು.

ಎಲ್ಲರೂ ಮೂಲ ಬರಹದಿಂದಲೇ ತಂತ್ರಾಂಶ ಕಟ್ಟಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ತೊಂದರೆಯೂ ಇದೆ. ಲಿನಕ್ಸ್‌ನ ಉಗ್ರಾಣದಿಂದ ತಂದದ್ದಾದರೆ ದೋಷ ಕಂಡಾಗ ಅದೇ ಹೊಸದನ್ನು ತಂದುಕೊಡುತ್ತದೆ. ಕೈಯಾರೆ ಕಟ್ಟಿದ್ದರ ಮೇಲೆ ನಾವೇ ಕಣ್ಣಿಡಬೇಕು, ಹೊಸ ಆವೃತ್ತಿ ಬಂದರೆ ನಾವೇ ಮತ್ತೆ ಕಟ್ಟಬೇಕು. ದಿನಬಳಕೆಗೆ ಉಗ್ರಾಣದ್ದೇ ಸಾಕು. ಪ್ಯಾಕೆಟ್ ಹಿಟ್ಟಿನ ದೋಸೆ ತಿಂದವರಾರೂ ಕೆಟ್ಟಿಲ್ಲ. ಆದರೆ ರುಬ್ಬುವುದು ಹೇಗೆಂದು ಊರಿನಲ್ಲಿ ಒಬ್ಬರಿಗಾದರೂ ತಿಳಿದಿರಬೇಕು, ಅಕ್ಕಿ, ಉದ್ದು ಕೊಳ್ಳುವುದಕ್ಕೆ ಯಾರೂ ಅಡ್ಡಿ ಮಾಡಬಾರದು. ಅಂಗಡಿ ಮುಚ್ಚಿದ ದಿನ ಅದರ ಬೆಲೆ ತಿಳಿಯುತ್ತದೆ. ಅಂಗಡಿ ಮುಚ್ಚುವುದು ಎಂದರೇನೆಂದು 2001ರ ನಂತರ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಸಿ.ಡಿ., ಫ್ಲಾಪಿಗಳಿರಬಹುದು. ಸಂಘದ ನೆನಪಿನ ಸಂಚಿಕೆ, ಅಡುಗೆಯ ಟಿಪ್ಪಣಿ, ತೀರಿಕೊಂಡವರ ಕವಿತೆ, ಏನಾದರೂ. ತೆರೆದಾಗ ಅರ್ಥವಾಗದ ಗುರುತುಗಳು ಕಂಡರೆ ಎಸೆಯಬೇಡಿ. ಅದರ ಒಂದು ಪುಟವಾದರೂ ಅಚ್ಚಾಗಿದ್ದರೆ ಅದನ್ನು ಜೊತೆಗಿಡಿ, ಅದೇ ಬೀಗದ ಕೈ. ಮುಂದೆ ಬರೆಯುವುದನ್ನು ಯುನಿಕೋಡಿನಲ್ಲೇ ಬರೆಸಿ, ಯಾವ ಎಡಿಟರಿನಲ್ಲಾದರೂ ತೆರೆಯುವ ಸಾದಾ ಫೈಲಿನಲ್ಲಿ ಒಂದು ಪ್ರತಿ ಇಡಿಸಿ. ನಮ್ಮ 109 ಹಾಡುಗಳು ಈಗ ಹಾಗೆ ಇವೆ, ಮೂರು ಮನೆಗಳಲ್ಲಿ ಮೂರು ಪ್ರತಿ. ಕಳೆದುಹೋದ ಮೂರರಲ್ಲಿ ಒಂದರ ಎರಡು ಸಾಲು ನೆನಪಿರುವ ಅಜ್ಜಿಯೊಬ್ಬರು ಬೇತಮಂಗಲದ ಕಡೆ ಇದ್ದಾರೆಂದು ಯಾರೋ ಹೇಳಿದರು. ಹೋಗಿ ಕೇಳಬೇಕು.